ಸಂಜೆಯ ಬೆಂಕಿಚೆಂಡು ಮಳವಳ್ಳಿಗೆ ಬಿತ್ತಾ, ಚಾಮುಂಡಿ ಬೆಟ್ಟದ ಹಿಂದಕ್ಕಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ನವೆಂಬರ್ ಮೊದಲ ವಾರದ ಒಂದು ಸಂಜೆ ಮೈಸೂರು, ಮಂಡ್ಯ ಕಡೆಯ ಓದುಗರು ಆಕಾಶದಲ್ಲಿ ಉರಿಯುತ್ತಾ ಇಳಿದ ಉಂಡೆಯೊಂದನ್ನು ನೋಡಿದ್ದಾರೆ. ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಬಾರಿ ಪೂರ್ತಿ ಇದನ್ನೇ ತೆಗೆದುಕೊಂಡಿದ್ದೇನೆ.

ಸಂಜೆ ಏಳರ ಹೊತ್ತಿಗೆ ವಿಶ್ವೇಶ್ವರಯ್ಯ ನಾಲೆ ಏರಿ ಮೇಲೆ ನಡೆದು ಹೋಗ್ತಿದ್ದೆ. ಎಡಗಡೆ ತೆಂಗಿನ ಮರಗಳ ಮೇಲಿಂದ ಹಸಿರು ಬೆಂಕಿ ಉಂಡೆ ಓರೆಯಾಗಿ ಇಳೀತು. ಹಿಂದೆ ಬಾಲ ಇತ್ತು. ನಾಲ್ಕೈದು ಸೆಕೆಂಡ್ ಇದ್ದಿರಬಹುದು. ಮಳವಳ್ಳಿ ಕಡೆ ಎಲ್ಲೋ ಬಿದ್ದಿದೆ, ಗ್ಯಾರಂಟಿ. ಹೋಗಿ ಹುಡುಕಿದ್ರೆ ಸಿಗುತ್ತಾ ಸರ್?
– ಮಂಡ್ಯದ ಓದುಗರು

ತಾರಸಿ ಮೇಲೆ ಒಣಗಿದ ಬಟ್ಟೆ ತೆಗೀತಿದ್ದೆ. ಚಾಮುಂಡಿ ಬೆಟ್ಟದ ಕಡೆ ಆಕಾಶ ಒಮ್ಮೆಗೇ ಬೆಳ್ಳಗಾಯ್ತು, ಉರಿಯೋ ಚೆಂಡೊಂದು ಇಳಿದು ಬೆಟ್ಟದ ಹಿಂದೆ ಹೋಯ್ತು. ಮಾರನೇ ದಿನ ಪೇಪರಲ್ಲಿ ನೋಡಿದೆ, ಏನೂ ಇರಲಿಲ್ಲ. ಅದು ಏನು? ಬೆಟ್ಟದ ಆಚೆ ಬಿದ್ದಿದ್ರೆ ಯಾರಿಗೂ ಗೊತ್ತಾಗಲಿಲ್ವಾ?
– ಮೈಸೂರು ಸರಸ್ವತಿಪುರಂನ ಓದುಗರು

ಇಬ್ಬರ ಪ್ರಶ್ನೆಗೂ ಒಟ್ಟಿಗೇ ಉತ್ತರ ಕೊಡ್ತೇನೆ. ಯಾಕೆಂದರೆ ನೀವಿಬ್ಬರೂ ಸೇರಿದರೆ ಮಾತ್ರ ಉತ್ತರ ಸಿಗುವುದು. ದಿನ ಒಂದೇ, ಹೊತ್ತು ಹೆಚ್ಚುಕಮ್ಮಿ ಒಂದೇ. ನೀವು ನೋಡಿದ್ದು ಒಂದೇ ಉಲ್ಕೆ.

ಮೊದಲು ಸ್ವಲ್ಪ ಯೋಚನೆ ಮಾಡಿ. ಅದು ನಿಜವಾಗಿ ಮಳವಳ್ಳಿಯಲ್ಲಿ ಬಿದ್ದಿದ್ದರೆ ಮೈಸೂರಿನವರಿಗೆ ಎಲ್ಲಿ ಕಾಣಬೇಕಿತ್ತು? ಮಳವಳ್ಳಿ ಮೈಸೂರಿಗೆ ಪೂರ್ವಕ್ಕಿದೆ. ಚಾಮುಂಡಿ ಬೆಟ್ಟದ ಮೇಲೆ ಕಾಣಲು ಸಾಧ್ಯವೇ ಇಲ್ಲ, ಬೆಟ್ಟದಿಂದ ಸಾಕಷ್ಟು ಎಡಕ್ಕೆ ಕಾಣಬೇಕಿತ್ತು. ಹಾಗೇ, ಬೆಟ್ಟದ ಹಿಂಬದಿಯಲ್ಲೇ ಬಿದ್ದಿದ್ದರೆ ಮಂಡ್ಯದವರಿಗೆ ನೈಋತ್ಯದಲ್ಲಿ, ಅಂದರೆ ಶ್ರೀರಂಗಪಟ್ಟಣ ಇರುವ ದಿಕ್ಕಿನಲ್ಲಿ ಕಾಣಬೇಕಿತ್ತು. ಮಂಡ್ಯದವರು ನೋಡಿದ್ದು ಮಳವಳ್ಳಿ ಕಡೆ. ಹಾಗಾಗಿ ಎರಡು ಜಾಗವೂ ಅಲ್ಲ.

ಇಬ್ಬರಿಗೂ ವಾಪಸ್ ಬರೆದು ಒಂದು ಕೆಲಸ ಹೇಳಿದೆ. ಅಂದು ನಿಂತಿದ್ದ ಜಾಗಕ್ಕೇ ಹೋಗಿ. ಫೋನಿನ ಕಂಪಾಸ್ ತೆಗೆದು, ಉಂಡೆ ಆರಿಹೋದ ಕಡೆಗೆ ಹಿಡಿದು ಡಿಗ್ರಿ ಬರೆದುಕೊಳ್ಳಿ. ಆಮೇಲೆ ಕೈ ಪೂರ್ತಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದು, ನೆಲದ ಅಂಚಿನಿಂದ ಎಷ್ಟು ಮುಷ್ಟಿ ಮೇಲೆ ಆರಿತು ಅಂತ ಅಳೆಯಿರಿ. ಚಾಚಿದ ಕೈಯ ಒಂದು ಮುಷ್ಟಿ ಸುಮಾರು 10 ಡಿಗ್ರಿ, ಮಕ್ಕಳದ್ದಾಗಲಿ ದೊಡ್ಡವರದ್ದಾಗಲಿ. ಕೈ ಚಿಕ್ಕದಾದರೆ ತೋಳೂ ಚಿಕ್ಕದೇ ಅಲ್ವಾ, ಲೆಕ್ಕ ಸರಿಹೋಗುತ್ತದೆ.

ಇಬ್ಬರೂ ಶ್ರದ್ಧೆಯಿಂದ ಮಾಡಿದರು. ಮಂಡ್ಯದವರಂತೂ ಮೊದಲ ಸಲ ನಾಲೆಯ ತೂಬಿನ ಹತ್ತಿರ ಅಳೆದು, ಕಬ್ಬಿಣದ ಗೇಟಿನಿಂದ ಕಂಪಾಸ್ ಮುಳ್ಳು ಅಲ್ಲಾಡುತ್ತಿದೆ ಅನ್ನಿಸಿ, ಅಷ್ಟು ದೂರ ಸರಿದು ಮತ್ತೆ ಅಳೆದು ಕಳಿಸಿದ್ದಾರೆ. ಅವರ ಲೆಕ್ಕ 135 ಡಿಗ್ರಿ, ಸರಿಯಾಗಿ ಆಗ್ನೇಯ. ಸರಸ್ವತಿಪುರಂನವರದ್ದು 125 ಡಿಗ್ರಿ. ಎತ್ತರ, ಬೆಟ್ಟದ ಮೇಲಿನ ದೀಪಗಳಿಗಿಂತ ಅರ್ಧ ಮುಷ್ಟಿ ಮೇಲೆ. ಬೆಟ್ಟದ ಎತ್ತರವನ್ನೂ ಸೇರಿಸಿದರೆ ನೆಲದ ಅಂಚಿನಿಂದ ಹತ್ತಿರ ಹತ್ತಿರ 10 ಡಿಗ್ರಿ. ಅಂದರೆ ಅದು ಬೆಟ್ಟದ ಹಿಂದೆ ಮರೆಯಾಗಲಿಲ್ಲ, ಬೆಟ್ಟದ ಮೇಲಿನ ಆಕಾಶದಲ್ಲೇ ಆರಿಹೋಯಿತು.

ಈಗ ಒಂದು ನಕ್ಷೆ ತೆಗೆದು ಮೈಸೂರಿನಿಂದ ಒಂದು ಗೆರೆ, ಮಂಡ್ಯದಿಂದ ಒಂದು ಗೆರೆ ಎಳೆಯಿರಿ. ಎರಡು ಊರಿನ ನಡುವೆ ನೇರ ದೂರ 40 ಕಿಲೋಮೀಟರ್‌ಗೆ ಸ್ವಲ್ಪ ಕಮ್ಮಿ. ದಿಕ್ಕಿನಲ್ಲಿ ವ್ಯತ್ಯಾಸ 10 ಡಿಗ್ರಿ. ಎರಡೂ ಗೆರೆ ಕೂಡುವುದು ಇಲ್ಲಿಂದ ಸುಮಾರು 200 ಕಿಲೋಮೀಟರ್ ಆಚೆ, ತಮಿಳುನಾಡಿನ ನಾಮಕ್ಕಲ್, ಕರೂರು ಕಡೆ! ಅಷ್ಟು ದೂರದಲ್ಲಿದ್ದೂ 10 ಡಿಗ್ರಿ ಮೇಲೆ ಕಾಣಬೇಕೆಂದರೆ ಅದು ನೆಲದಿಂದ 40 ಕಿಲೋಮೀಟರ್ ಹತ್ತಿರದ ಎತ್ತರದಲ್ಲಿರಬೇಕು. ದೊಡ್ಡ ಉಲ್ಕೆಗಳು ಆರಿಹೋಗುವ ಎತ್ತರವೂ ಸಾಮಾನ್ಯವಾಗಿ ಅದೇ ಸುಮಾರಿನದು. ಫೋನ್ ಕಂಪಾಸ್ ಮೂರ್ನಾಲ್ಕು ಡಿಗ್ರಿ ತಪ್ಪು ತೋರಿಸಿದರೂ ದೂರ 150 ಆಗಬಹುದು, 300 ಆಗಬಹುದು. ಆದರೆ ಮಳವಳ್ಳಿ ಆಗುವುದಿಲ್ಲ.

ಹತ್ತಿರದಲ್ಲೇ ಬಿತ್ತು ಅಂತ ಎಲ್ಲರಿಗೂ ಅನ್ನಿಸುತ್ತದೆ. ಅದರಲ್ಲಿ ತಪ್ಪೇನಿಲ್ಲ. ಅಷ್ಟು ಬೆಳಕು ಕೊಡುವ ವಸ್ತು ರಾತ್ರಿ ಹೊತ್ತು ಹತ್ತಿರದಲ್ಲೇ ಇರುತ್ತದೆ ಅಂತ ನಮ್ಮ ಕಣ್ಣಿಗೆ ರೂಢಿ. 200 ಕಿಲೋಮೀಟರ್ ದೂರದ ದೀಪ ನೋಡಿದ ಅನುಭವ ಯಾರಿಗೂ ಇರುವುದಿಲ್ಲ.

ಇನ್ನು ಅದು ಏನು ಅನ್ನುವುದು. ಶುಕ್ರ ಗ್ರಹಕ್ಕಿಂತ ಜಾಸ್ತಿ ಬೆಳಗುವ ಉಲ್ಕೆಗೆ ಬೆಂಕಿಚೆಂಡು ಅಂತಾರೆ. ಇದಕ್ಕೆ ದೊಡ್ಡ ಬಂಡೆಯೇ ಬೇಕಿಲ್ಲ, ಮುಷ್ಟಿ ಗಾತ್ರದ ಕಲ್ಲು ಸಾಕು. ಸೆಕೆಂಡಿಗೆ ಕಡಿಮೆ ಅಂದರೂ 11 ಕಿಲೋಮೀಟರ್, ಜಾಸ್ತಿ ಅಂದರೆ 72 ಕಿಲೋಮೀಟರ್ ವೇಗದಲ್ಲಿ ನುಗ್ಗುತ್ತವೆ ಇವು. ಗಾಳಿ ಉಜ್ಜಿ ಬಿಸಿಯಾಗುತ್ತದೆ ಅಂತ ಶಾಲೆಯಲ್ಲಿ ಓದಿರುತ್ತೇವೆ. ನಿಜಕ್ಕೂ ಹೆಚ್ಚಿನ ಬಿಸಿ ಬರುವುದು, ಪಕ್ಕಕ್ಕೆ ಸರಿಯಲು ಹೊತ್ತೇ ಸಿಗದ ಮುಂದಿನ ಗಾಳಿ ಒಂದೇ ಏಟಿಗೆ ಹಿಸುಕಿಹೋಗುವುದರಿಂದ. ಸೈಕಲ್ ಪಂಪ್ ಜೋರಾಗಿ ಹೊಡೆದಾಗ ಅದರ ಬುಡ ಬಿಸಿಯಾಗುತ್ತಲ್ಲ, ಹಾಗೆ. ಆ ಬಿಸಿಗೆ ಕಲ್ಲಿನ ಮೈ ಕರಗಿ ಆವಿಯಾಗುತ್ತದೆ. ನೀವು ನೋಡಿದ್ದು ಆ ಆವಿ ಮತ್ತು ಸುತ್ತಲಿನ ಗಾಳಿ ಹೊಳೆಯುವುದನ್ನು.

ನಾಲ್ಕೈದು ಸೆಕೆಂಡ್ ಇತ್ತು ಅಂದಿರಿ. ಸಂಜೆಯ ಉಲ್ಕೆಗಳ ಗುಣವೇ ಅದು. ಸಂಜೆ ಹೊತ್ತು ನಾವಿರುವುದು ಭೂಮಿ ಓಡುವ ದಿಕ್ಕಿಗೆ ಬೆನ್ನಾದ ಕಡೆ. ಹಿಂದಿನಿಂದ ಅಟ್ಟಿಸಿಕೊಂಡು ಬಂದ ಕಲ್ಲು ಮಾತ್ರ ನಮ್ಮನ್ನು ಮುಟ್ಟಬೇಕು, ಆದ್ದರಿಂದ ಅದು ನಿಧಾನ. ಬೆಳಗಿನ ಜಾವ ಭೂಮಿಯ ಮುಂದಿನ ಮಗ್ಗುಲಲ್ಲಿರುತ್ತೇವೆ, ಆಗ ಎದುರಿನಿಂದ ಬಂದು ಅಪ್ಪಳಿಸುತ್ತವೆ. ಸಂಖ್ಯೆಯೂ ಜಾಸ್ತಿ, ವೇಗವೂ ಜಾಸ್ತಿ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ.

ನವೆಂಬರ್ ಅಂದ ತಕ್ಷಣ ಇದು ಟಾರಿಡ್ ಉಲ್ಕೆ ಇರಬಹುದಾ ಅಂತ ನಾನೂ ನೋಡಿದೆ. ಎನ್ಕೆ ಧೂಮಕೇತು ಬಿಟ್ಟುಹೋದ ಚೂರುಗಳು ಅವು, ವೃಷಭ ರಾಶಿಯ ಕಡೆಯಿಂದ ಹೊರಟಂತೆ ಕಾಣುತ್ತವೆ, ಒಳ್ಳೆ ಬೆಂಕಿಚೆಂಡುಗಳನ್ನು ಕೊಡುತ್ತವೆ. ಆದರೆ ಆ ಹೊತ್ತಿಗೆ ವೃಷಭ ರಾಶಿ ಪೂರ್ವದಲ್ಲಿ ಆಗಷ್ಟೇ ಹುಟ್ಟಿರುತ್ತದೆ. ಅಲ್ಲಿಂದ ಹೊರಟಿದ್ದು ಆಗ್ನೇಯದಲ್ಲಿ ಹೆಚ್ಚುಕಮ್ಮಿ ಅಡ್ಡಕ್ಕೆ ಹೋಗಬೇಕು, ಮೇಲಿಂದ ಕೆಳಕ್ಕೆ ಇಳಿಯುವಂತೆ ಕಾಣುವುದಿಲ್ಲ. ನಿಮ್ಮಿಬ್ಬರ ವಿವರಣೆಯಲ್ಲೂ ಇಳಿಯಿತು ಅಂತಲೇ ಇದೆ. ಹಾಗಾಗಿ ಯಾವ ಗುಂಪಿಗೂ ಸೇರದ ಒಂಟಿ ಉಲ್ಕೆ ಅನ್ನುವುದೇ ನನ್ನ ಅಂದಾಜು.

ಹುಡುಕಲು ಹೋಗಬೇಡಿ. ಬದಲಿಗೆ ನಿಮ್ಮ ಅಳತೆಗಳನ್ನು ಅಂತರರಾಷ್ಟ್ರೀಯ ಉಲ್ಕಾ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಬೆಂಕಿಚೆಂಡು ವರದಿ ಮಾಡುವ ಫಾರಂ ಇದೆ, ಅದರಲ್ಲಿ ತುಂಬಿ. ತಮಿಳುನಾಡಿನಿಂದ ಯಾರಾದರೂ ಅದೇ ಸಂಜೆಯದ್ದನ್ನು ತುಂಬಿದ್ದರೆ ದಾರಿ ಇನ್ನೂ ಖಚಿತವಾಗುತ್ತದೆ. ಮತ್ತೆ ಎಲ್ಲ ಓದುಗರಿಗೂ ಒಂದು ಮಾತು: ಇಂಥದ್ದು ಕಂಡಾಗ ಗ್ರೂಪಿಗೆ ಮೆಸೇಜ್ ಹಾಕುವುದಕ್ಕಿಂತ ಮೊದಲು, ನಿಂತ ಜಾಗದಿಂದ ಅಲ್ಲಾಡದೆ, ಗಂಟೆ ಎಷ್ಟು, ಯಾವ ಮರದ ಯಾವ ಕಂಬದ ಮೇಲೆ ಶುರುವಾಯಿತು, ಎಲ್ಲಿ ಆರಿತು ಅಂತ ಬರೆದಿಟ್ಟುಕೊಳ್ಳಿ. ಹತ್ತು ಜನರ ಮಾತು ಕೇಳಿದ ಮೇಲೆ ನಿಮ್ಮ ನೆನಪಿಗೆ ಅವರ ನೆನಪೂ ಬೆರೆತುಹೋಗುತ್ತದೆ. ನನಗೆ ಇದರಲ್ಲಿ ಬಹಳ ಆಸೆ ಇದೆ. ನಮ್ಮ ಎರಡು ಜಿಲ್ಲೆಯಲ್ಲಿ ಹೀಗೆ ಅಳೆಯಲು ಬರುವವರು ಊರಿಗಿಬ್ಬರು ಇದ್ದರೆ, ಆಕಾಶದಲ್ಲಿ ಏನೇ ಹಾದುಹೋಗಲಿ, ಅದು ಬಂದ ದಾರಿಯನ್ನು ನಾವೇ ಹೇಳಬಹುದು.

ನಮ್ಮ ಅಂಗಡಿಯ ಸಿಸಿಟಿವಿಯಲ್ಲಿ ಆ ಬೆಳಕು ಬಂದಿದೆ. ಉಂಡೆ ಕಾಣಲ್ಲ, ರಸ್ತೆ ಮಾತ್ರ ಒಂದು ಸಲ ಬೆಳಗುತ್ತೆ. ಇದು ಪ್ರಯೋಜನಕ್ಕೆ ಬರುತ್ತಾ?
– ಮದ್ದೂರಿನ ಓದುಗರು

ಖಂಡಿತ ಬರುತ್ತದೆ, ದಯವಿಟ್ಟು ಅಳಿಸಬೇಡಿ. ಕೆಲವು ದಿನವಾದರೆ ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಕೂರುತ್ತದೆ, ಈಗಲೇ ಪೆನ್‌ಡ್ರೈವ್‌ಗೆ ಹಾಕಿಡಿ. ಕ್ಯಾಮೆರಾದ ಗಡಿಯಾರ ಎಷ್ಟು ಮುಂದೆ ಹಿಂದೆ ಇದೆ ಅನ್ನುವುದನ್ನೂ ಫೋನಿನ ಟೈಮ್ ಜೊತೆ ಹೋಲಿಸಿ ಬರೆದಿಡಿ.

ಉಂಡೆ ಕಾಣದಿದ್ದರೂ ನೆರಳು ಕಾಣುತ್ತದಲ್ಲ, ಅದೇ ಸಾಕು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರ್ ಅಗಲದ ಕಲ್ಲು ಸಿಡಿಯಿತು. ಆ ಊರಿನ ಚೌಕದ ಕ್ಯಾಮೆರಾದಲ್ಲಿ ದೀಪದ ಕಂಬಗಳ ನೆರಳು ನೆಲದ ಮೇಲೆ ಹೇಗೆ ತಿರುಗಿತು ಅನ್ನುವುದನ್ನು ಅಳೆದೇ, ದೂರದ ಕೊಲಂಬಿಯಾದ ವಿಜ್ಞಾನಿಗಳು ಅದರ ಕಕ್ಷೆಯ ಮೊದಲ ಲೆಕ್ಕಗಳಲ್ಲಿ ಒಂದನ್ನು ಹಾಕಿದರು. ಅದಕ್ಕೂ ಮೊದಲು, 1992ರ ಅಕ್ಟೋಬರ್ 9ರ ಶುಕ್ರವಾರ ಸಂಜೆ, ಅಮೆರಿಕದಲ್ಲಿ ಮಕ್ಕಳ ಫುಟ್‌ಬಾಲ್ ಆಟವನ್ನು ವಿಡಿಯೊ ಮಾಡುತ್ತಿದ್ದವರ ಕ್ಯಾಮೆರಾಗಳಲ್ಲಿ ಒಂದು ಬೆಂಕಿಚೆಂಡು ಸೆರೆಯಾಯಿತು. ಅದರ ಒಂದು ಚೂರು, ಸುಮಾರು 12 ಕಿಲೋ ತೂಕದ್ದು, ಪೀಕ್‌ಸ್ಕಿಲ್ ಅನ್ನುವ ಊರಲ್ಲಿ ನಿಲ್ಲಿಸಿದ್ದ ಕಾರಿನ ಹಿಂಭಾಗಕ್ಕೆ ಬಿತ್ತು. ಸಂಜೆ ಹೊತ್ತಾದ್ದರಿಂದ ಜನ ಹೊರಗಿದ್ದರು, ಕ್ಯಾಮೆರಾ ಕೈಯಲ್ಲಿತ್ತು. ನಿಮ್ಮ ರಸ್ತೆಯಲ್ಲಿ ಕರೆಂಟ್ ಕಂಬ ಇದ್ದರೆ ಅದರ ನೆರಳು ಯಾವ ಕಡೆ ಬಿತ್ತು ನೋಡಿ, ಆ ಫೋಟೊ ಕಳಿಸಿ.

ಹಸಿರು ಬಣ್ಣ ಯಾಕೆ? ನನ್ನ ಫ್ರೆಂಡ್ ಕಿತ್ತಳೆ ಬಣ್ಣ ಅಂತಾನೆ. ಮತ್ತೆ ಶಬ್ದ ಯಾಕೆ ಬರಲಿಲ್ಲ?
– ಮೈಸೂರಿನ ಪಿಯುಸಿ ವಿದ್ಯಾರ್ಥಿ

ಕಲ್ಲಿನಲ್ಲಿರುವ ಮೆಗ್ನೀಸಿಯಂ ಉರಿದರೆ ಹಸಿರು ಅಥವಾ ನೀಲಿ-ಹಸಿರು. ಸೋಡಿಯಂ ಇದ್ದರೆ ಕಿತ್ತಳೆ-ಹಳದಿ, ಹಳೆ ಬೀದಿದೀಪಗಳ ಬಣ್ಣ ಇದರದ್ದೇ. ಕಬ್ಬಿಣ ಹಳದಿ, ಕ್ಯಾಲ್ಸಿಯಂ ನೇರಳೆ. ಬಿಸಿಯಾದ ಗಾಳಿಯ ಸಾರಜನಕ, ಆಮ್ಲಜನಕ ಕೆಂಪು ಕೊಡುತ್ತವೆ. ಒಂದೇ ಉಲ್ಕೆ ಮೇಲೆ ಹಸಿರಾಗಿದ್ದು, ಕೆಳಗೆ ವೇಗ ತಗ್ಗಿದಾಗ ಕಿತ್ತಳೆಯಾಗಬಹುದು. ನೀನು ಮೊದಲರ್ಧ ನೋಡಿ ಅವನು ಕೊನೆ ನೋಡಿದ್ದರೆ ಇಬ್ಬರೂ ಸರಿ.

ಶಬ್ದದ ವಿಷಯ. ಶಬ್ದ 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ಹೋಗುತ್ತದೆ. 200 ಕಿಲೋಮೀಟರ್ ದೂರಕ್ಕೆ ಹತ್ತಿರ ಹತ್ತಿರ 10 ನಿಮಿಷ. ಅಷ್ಟರಲ್ಲಿ ಎಲ್ಲರೂ ಮನೆಯೊಳಗೆ ಹೋಗಿರುತ್ತಾರೆ, ಶಬ್ದವೂ ಸವೆದುಹೋಗಿರುತ್ತದೆ. ನೆತ್ತಿಯ ಮೇಲೆ 40 ಕಿಲೋಮೀಟರ್ ಎತ್ತರದಲ್ಲಿ ಸಿಡಿದರೂ ಸದ್ದು ಮುಟ್ಟಲು 2 ನಿಮಿಷ ಬೇಕು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಚೆಲ್ಯಾಬಿನ್ಸ್ಕ್‌ನಲ್ಲಿ ಸುಮಾರು 1,500 ಜನಕ್ಕೆ ಗಾಯವಾಯಿತು. ಹೆಚ್ಚಿನವರಿಗೆ ಆದದ್ದು ಕಿಟಕಿ ಗಾಜಿನಿಂದ. ಬೆಳಕು ಕಂಡಿತು, ಏನಾಯಿತು ಅಂತ ಕಿಟಕಿಗೆ ಓಡಿಬಂದರು, ಒಂದೆರಡು ನಿಮಿಷ ಬಿಟ್ಟು ಗಾಳಿಯ ಹೊಡೆತ ಬಂದು ಗಾಜು ಒಡೆಯಿತು. ಸೂರ್ಯನಷ್ಟು ಬೆಳಕು ಯಾವತ್ತಾದರೂ ಕಂಡರೆ ಗಾಜಿನಿಂದ ದೂರ ಸರಿದು ಕೆಲವು ನಿಮಿಷ ಅಲ್ಲೇ ಇರಬೇಕು. ಇದನ್ನು ನಿನ್ನ ಕ್ಲಾಸಿನಲ್ಲೂ ಹೇಳು.

ಇದು ಉಲ್ಕೆ ಅಲ್ಲ, ರಾಕೆಟ್ ಚೂರು ಅಂತ ನಮ್ಮ ಅಳಿಯ ವಾದ ಮಾಡ್ತಾರೆ. ಹೇಗೆ ಗೊತ್ತು ಮಾಡೋದು?
– ನಂಜನಗೂಡಿನ ಓದುಗರು

ನಿಮ್ಮ ಅಳಿಯಂದಿರ ಅನುಮಾನ ಒಳ್ಳೆಯದೇ. ಎಷ್ಟು ಹೊತ್ತು ಇತ್ತು ಅಂತ ಕೇಳಿ, ಅಲ್ಲೇ ತೀರ್ಮಾನ ಆಗುತ್ತದೆ. ಭೂಮಿ ಸುತ್ತುತ್ತಿದ್ದ ರಾಕೆಟ್ ತುಂಡು ಸೆಕೆಂಡಿಗೆ 7-8 ಕಿಲೋಮೀಟರ್ ವೇಗದಲ್ಲಿ, ಹೆಚ್ಚುಕಮ್ಮಿ ಅಡ್ಡಡ್ಡವಾಗಿ ಬರುತ್ತದೆ. ಅರ್ಧ ನಿಮಿಷ, ಒಂದು ನಿಮಿಷ, ಅದಕ್ಕೂ ಜಾಸ್ತಿ ಕಾಣುತ್ತದೆ. ಹಲವು ತುಂಡುಗಳು ಸಾಲಾಗಿ, ಒಂದರ ಹಿಂದೊಂದು ಉರಿಯುತ್ತಾ ಸಾಗುತ್ತವೆ. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರ, ಮಧ್ಯಪ್ರದೇಶದ ಜನ ನೋಡಿದ್ದು ಇಂಥದ್ದನ್ನೇ. ಅದು ಚೀನಾದ ರಾಕೆಟ್‌ನ ಒಂದು ಹಂತ. ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡ ಲೋಹದ ಬಳೆಯೇ ಬಂದು ಬಿತ್ತು. ಈ ಸಲದ್ದು ನಾಲ್ಕೈದು ಸೆಕೆಂಡ್, ಒಂದೇ ಉಂಡೆ. ಉಲ್ಕೆಯೇ.

ಉರಿಯದೆ, ಬಾಲ ಇಲ್ಲದೆ, ಚುಕ್ಕಿಗಳು ಸಾಲುಗಟ್ಟಿ ಹೋದರೆ ಅವು ಹೊಸದಾಗಿ ಹಾರಿಸಿದ ಸ್ಟಾರ್‌ಲಿಂಕ್ ಉಪಗ್ರಹಗಳು.

ನನ್ನ ಮಗಳು ಅದನ್ನು ನೋಡಿ ಕುಣಿದಾಡಿದಳು. ನಮ್ಮ ಅತ್ತೆ, ಚುಕ್ಕಿ ಉದುರಿದ್ದು ನೋಡಬಾರದು, ಯಾರೋ ದೊಡ್ಡವರು ಹೋಗ್ತಾರೆ ಅಂತ ಗದರಿಸಿ ಒಳಗೆ ಕರೆದರು. ಈಗ ಮಗು ಕತ್ತಲಾದ ಮೇಲೆ ಅಂಗಳಕ್ಕೇ ಬರಲ್ಲ. ಏನು ಹೇಳಲಿ?
– ಶ್ರೀರಂಗಪಟ್ಟಣದ ಓದುಗರು

ಈ ಪತ್ರ ಓದಿ ನನಗೆ ತುಂಬ ಸಂಕಟವಾಯಿತು. ಆ ಮಗು ಅದೃಷ್ಟವಂತೆ, ಅನೇಕರು ಆಯಸ್ಸಿಡೀ ಕಾದರೂ ಕಾಣದ್ದನ್ನು ಕಂಡಿದ್ದಾಳೆ. ಅವಳ ಕುಣಿದಾಟ ವಾಪಸ್ ಬರಬೇಕು.

ಮಗುವಿಗೆ ಹೀಗೆ ಹೇಳಿ. ಉದುರಿದ್ದು ಚುಕ್ಕಿಯಲ್ಲ. ಚುಕ್ಕಿಗಳೆಲ್ಲ ಇದ್ದಲ್ಲೇ ಇವೆ, ಬೇಕಾದರೆ ಇವತ್ತು ರಾತ್ರಿ ಬಂದು ನೋಡು. ಬಂದದ್ದು ಒಂದು ಚಿಕ್ಕ ಕಲ್ಲು, ಅದು ನಮ್ಮ ಊರಿನಿಂದ ಬಹಳ ದೂರದಲ್ಲಿ, ವಿಮಾನ ಹಾರುವ ಎತ್ತರಕ್ಕಿಂತಲೂ ಎಷ್ಟೋ ಮೇಲೆ ಉರಿದು ಪುಡಿಯಾಯಿತು. ಆಮೇಲೆ ಮುಷ್ಟಿ ಹಿಡಿದು ಅಳೆಯುವುದನ್ನು ಹೇಳಿಕೊಡಿ. ಕೈಗೆ ಒಂದು ಕೆಲಸ ಸಿಕ್ಕರೆ ಮಕ್ಕಳಿಗೆ ಭಯ ಕಮ್ಮಿಯಾಗುತ್ತದೆ.

ಅತ್ತೆಯವರ ಜೊತೆ ಜಗಳಕ್ಕೆ ಹೋಗಬೇಡಿ. ಅವರೂ ಚಿಕ್ಕವರಿದ್ದಾಗ ಹೀಗೆ ಗದರಿಸಿಕೊಂಡೇ ಒಳಗೆ ಬಂದಿರುತ್ತಾರೆ. ಭೂಮಿಯ ಮೇಲೆ ಪ್ರತಿದಿನ ಇಂಥ ಬೆಂಕಿಚೆಂಡುಗಳು ಸಾವಿರಾರು ಬರುತ್ತವೆ, ಹೆಚ್ಚಿನವು ಸಮುದ್ರದ ಮೇಲೆ ಅಥವಾ ಹಗಲು ಹೊತ್ತು ಬರುವುದರಿಂದ ಯಾರಿಗೂ ಕಾಣುವುದಿಲ್ಲ ಅಂತ ತಿಳಿಸಿ. ಸಾಧ್ಯವಾದರೆ ಅಜ್ಜಿ ಮೊಮ್ಮಗಳು ಇಬ್ಬರನ್ನೂ ಒಟ್ಟಿಗೇ ತಾರಸಿಗೆ ಕರೆದುಕೊಂಡು ಹೋಗಿ.

ಕಬ್ಬಿನ ಗದ್ದೆಯಲ್ಲಿ ಕಪ್ಪಗಿನ, ಬಲು ಭಾರದ ಕಲ್ಲು ಸಿಕ್ಕಿದೆ. ಅಯಸ್ಕಾಂತ ಅಂಟುತ್ತೆ. ಮೊನ್ನೆ ಬಿದ್ದಿದ್ದೇ ಇರಬಹುದಾ? ಲಕ್ಷಗಟ್ಟಲೆ ಬೆಲೆ ಅಂತ ಒಬ್ಬರು ಫೋನ್ ಮಾಡಿದ್ರು.
– ಪಾಂಡವಪುರದ ರೈತರು

ಮೊನ್ನೆಯದ್ದಂತೂ ಅಲ್ಲ, ಅದು ಆರಿದ್ದು ನಿಮ್ಮ ಗದ್ದೆಯಿಂದ ಬಹಳ ದೂರದಲ್ಲಿ. ಹಳೆಯ ಉಲ್ಕಾಶಿಲೆಯಾ ಅನ್ನುವುದನ್ನು ನೋಡೋಣ.

ಕಲ್ಲನ್ನು ಒಡೆಯದೆ ಹೊರಮೈ ಗಮನಿಸಿ. ಸಣ್ಣ ಸಣ್ಣ ತೂತು, ಗುಳ್ಳೆ ಕಂಡರೆ ಅದು ಬಹುಪಾಲು ಕಬ್ಬಿಣ ಕರಗಿಸಿದಾಗ ಉಳಿದ ಕಿಟ್ಟ. ಕಿಟ್ಟವೂ ಕಪ್ಪು, ಭಾರ, ಕೆಲವೊಮ್ಮೆ ಅಯಸ್ಕಾಂತಕ್ಕೂ ಅಂಟುತ್ತದೆ. ಉಲ್ಕಾಶಿಲೆಯಲ್ಲಿ ಗುಳ್ಳೆ ಇರುವುದಿಲ್ಲ. ಮೈಮೇಲೆ ತೆಳ್ಳಗಿನ ಕಪ್ಪು ಸಿಪ್ಪೆ ಇರುತ್ತದೆ, ಎಲ್ಲಾದರೂ ಸಿಪ್ಪೆ ಎದ್ದಿದ್ದರೆ ಒಳಗೆ ತಿಳಿ ಬೂದು ಬಣ್ಣ, ಅಲ್ಲಲ್ಲಿ ಲೋಹದ ಮಿನುಗು. ಹೊರಮೈಯಲ್ಲಿ ಹೆಬ್ಬೆಟ್ಟು ಒತ್ತಿದಂಥ ಕುಳಿಗಳೂ ಇರಬಹುದು. ಇನ್ನೊಂದು, ನೆಲಕ್ಕೆ ಹಾಕುವ ಟೈಲ್ಸ್‌ನ ಹಿಂದಿನ ಒರಟು ಬದಿಗೆ ಮೂಲೆಯನ್ನು ಉಜ್ಜಿ ನೋಡಿ. ಕೆಂಪು ಅಥವಾ ದಟ್ಟ ಕಪ್ಪು ಗೆರೆ ಬಿದ್ದರೆ ನಮ್ಮ ನೆಲದ್ದೇ ಅದಿರು. ಅಯಸ್ಕಾಂತವನ್ನು ಮತ್ತೆ ಮತ್ತೆ ಹಚ್ಚಬೇಡಿ. ಉಲ್ಕಾಶಿಲೆಯೇ ಆಗಿದ್ದರೆ ಅದರೊಳಗಿನ ಹಳೆಯ ಕಾಂತದ ಗುರುತು ಅಳಿಸಿಹೋಗುತ್ತದೆ, ವಿಜ್ಞಾನಿಗಳಿಗೆ ಅದು ಬಹಳ ಮುಖ್ಯ.

ನಮ್ಮ ಕಡೆ ಬಿದ್ದೇ ಇಲ್ಲ ಅಂತಲ್ಲ. 1865ರಲ್ಲಿ ಮೈಸೂರು ಸೀಮೆಯಲ್ಲಿ ಬಿದ್ದ ಕಲ್ಲೊಂದು ‘ಮುದ್ದೂರ್’ ಅನ್ನುವ ಹೆಸರಿನಲ್ಲಿ ಲೋಕದ ಉಲ್ಕಾಶಿಲೆಗಳ ಪಟ್ಟಿಯಲ್ಲಿದೆ. ಅದರ ಅಕ್ಷಾಂಶ ರೇಖಾಂಶ ನಮ್ಮ ಮದ್ದೂರಿನ ಆಸುಪಾಸಿಗೇ ಬರುತ್ತದೆ. ಅದೇ ವರ್ಷ ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದದ್ದು ಮಂಗಳ ಗ್ರಹದಿಂದ ಬಂದ ಕಲ್ಲು ಅಂತ ನೂರು ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ ಗೊತ್ತಾಯಿತು. ಯಾರೋ ಎತ್ತಿಟ್ಟರು, ಜೋಪಾನ ಮಾಡಿದರು, ಅದಕ್ಕೇ ಗೊತ್ತಾದದ್ದು. 2017ರ ಜೂನ್ 6ರ ಬೆಳಗಿನ ಜಾವ ಜೈಪುರದ ಬಳಿ ಮುಕುಂದಪುರದ ಹೊಲಕ್ಕೆ ಬಿದ್ದ ಸುಮಾರು 2 ಕಿಲೋ ಕಲ್ಲನ್ನೂ ಹೀಗೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ಒಪ್ಪಿಸಿದರು. ಅದು ಇಂಗಾಲ ಇರುವ ಅಪರೂಪದ ಜಾತಿಯದು.

ಫೋನ್ ಮಾಡಿದವರಿಗೆ ಕೊಡಬೇಡಿ, ಅವರಿಂದ ಮುಂಗಡವೂ ತೆಗೆದುಕೊಳ್ಳಬೇಡಿ. ನಮ್ಮ ದೇಶದಲ್ಲಿ ಸಿಕ್ಕ ಉಲ್ಕಾಶಿಲೆಗಳನ್ನು ಕಾಪಾಡುವ ಹೊಣೆ ಇರುವುದು ಆ ಇಲಾಖೆಗೇ. ಕಲ್ಲಿನ ಪಕ್ಕ ಒಂದು ಸ್ಕೇಲ್ ಇಟ್ಟು, ಬಿಸಿಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆದು ನನಗೂ ಕಳಿಸಿ.

ನಾನು ಆವತ್ತು ಮಿಸ್ ಮಾಡಿಕೊಂಡೆ. ಮತ್ತೆ ಯಾವಾಗ?
– ಕೆ.ಆರ್.ನಗರದ ಓದುಗರು

ಬೆಂಕಿಚೆಂಡಿಗೆ ದಿನ ಗೊತ್ತು ಮಾಡಲು ಆಗುವುದಿಲ್ಲ. ಆದರೆ ಡಿಸೆಂಬರ್ 13, 14ರ ರಾತ್ರಿ ಜೆಮಿನಿಡ್ ಉಲ್ಕೆಗಳು ಬರುತ್ತವೆ. ಫೇಥಾನ್ ಅನ್ನುವ ಕ್ಷುದ್ರಗ್ರಹದ ಚೂರುಗಳು ಅವು. ನಿಧಾನ, ಹೊಳಪು ಜಾಸ್ತಿ, ಬೆಳಗಿನ ಜಾವದವರೆಗೆ ಕಾಯಬೇಕಿಲ್ಲ. ರಾತ್ರಿ ಹತ್ತರ ಮೇಲೆ ಶುರು ಮಾಡಿ. ಕತ್ತಲಿರುವ ಜಾಗ ಬೇಕು ಅಂತ ಕಾಡಿನ ಅಂಚಿಗೆ, ಕಬ್ಬಿನ ಗದ್ದೆ ಬಯಲಿಗೆ ಒಬ್ಬರೇ ಹೋಗಬೇಡಿ, ನಮ್ಮ ಕಡೆ ಚಿರತೆ ಓಡಾಟ ಇದೆ. ಊರ ಬೀದಿದೀಪ ಕಣ್ಣಿಗೆ ನೇರವಾಗಿ ಹೊಡೆಯದ ತಾರಸಿ ಸಾಕು. ಚಾಪೆ, ಒಂದು ರಗ್ಗು, ಬರೆಯಲು ಪುಸ್ತಕ ಇಟ್ಟುಕೊಳ್ಳಿ. ಕಣ್ಣು ಕತ್ತಲಿಗೆ ಹೊಂದಲು ಅರ್ಧ ಗಂಟೆ ಬೇಕು, ಅಷ್ಟು ಹೊತ್ತು ಫೋನ್ ನೋಡಬೇಡಿ. ಟೈಮ್ ನೋಡಲೇಬೇಕಾದರೆ ಪರದೆಯ ಬೆಳಕನ್ನು ಪೂರ್ತಿ ತಗ್ಗಿಸಿಕೊಳ್ಳಿ.